ಕೊಂದವನ ಕಥೆಯೋ, ಸತ್ತವರ ಕಥೆಯೋ? ಇತಿಹಾಸ, ಅಪರಾಧ, ಸಮಾಜದ ಪುಸ್ತಕಗಳ ಬಗ್ಗೆ ಮಾತಾಡೋಣ

ಹಾಳೆಮಡಿಕೆ

ಕೊಲೆ, ಯುದ್ಧ, ವಲಸೆ, ಬಡತನ ಇವುಗಳ ಬಗ್ಗೆ ನಡೆದದ್ದನ್ನೇ ಬರೆದ ಪುಸ್ತಕಗಳನ್ನು ಇಷ್ಟಪಟ್ಟು ಓದುವವರು ಇಲ್ಲಿ ಬಹಳ ಜನ ಇದ್ದೀರಿ. ಯಾವುದನ್ನು ಓದಬೇಕು, ಯಾಕೆ ಓದಬೇಕು ಅಂತ ಎಲ್ಲರೂ ಸೇರಿ ಮಾತಾಡೋಣ.

ಇಂಥ ಪುಸ್ತಕ ಕೈಗೆ ಸಿಕ್ಕರೆ ನಾನು ಎರಡು ವಿಷಯ ನೋಡುತ್ತೇನೆ. ಬರೆದವರಿಗೆ ಇದೆಲ್ಲ ಹೇಗೆ ಗೊತ್ತಾಯಿತು? ಪುಟಗಳು ಯಾರ ಪಾಲಿಗೆ ಹೋಗಿವೆ, ಕೊಂದವನಿಗೋ ಸತ್ತವರಿಗೋ?

ಎರಡನೇ ಪ್ರಶ್ನೆಗೆ ನಾನು ಓದಿದವುಗಳಲ್ಲೇ ಗಟ್ಟಿ ಉತ್ತರ ಕೊಟ್ಟದ್ದು ಹ್ಯಾಲಿ ರೂಬೆನ್‌ಹೋಲ್ಡ್ ಅವರ 'ದಿ ಫೈವ್' (2019). 1888ರಲ್ಲಿ ಲಂಡನ್ನಿನ ವೈಟ್‌ಚಾಪೆಲ್‌ನಲ್ಲಿ ಐವರು ಹೆಂಗಸರ ಕೊಲೆಯಾಯಿತು. ಕೊಂದವನು ಯಾರು ಅಂತ ಇವತ್ತಿಗೂ ಗೊತ್ತಿಲ್ಲ. ಆದರೆ ಪತ್ರಿಕೆಗಳಿಂದ ಹಬ್ಬಿದ 'ಜ್ಯಾಕ್ ದಿ ರಿಪ್ಪರ್' ಅನ್ನುವ ಹೆಸರು ಎಲ್ಲರ ಬಾಯಲ್ಲೂ ಇದೆ. ಸತ್ತವರ ಹೆಸರು ಹೇಳಿ ಅಂದರೆ ಎಷ್ಟು ಜನ ಹೇಳುತ್ತಾರೆ? ಪಾಲಿ ನಿಕೋಲ್ಸ್, ಆ್ಯನಿ ಚಾಪ್ಮನ್, ಎಲಿಜಬೆತ್ ಸ್ಟ್ರೈಡ್, ಕ್ಯಾಥರೀನ್ ಎಡ್ಡೋಸ್, ಮೇರಿ ಜೇನ್ ಕೆಲ್ಲಿ. ಈ ಪುಸ್ತಕ ಕೊಲೆಗಳನ್ನು ವರ್ಣಿಸುವುದೇ ಇಲ್ಲ. ಹುಟ್ಟು, ಮದುವೆ, ಮಕ್ಕಳು, ಬಾಡಿಗೆ ಕೋಣೆ, ಕುಡಿತ, ಮುರಿದ ಸಂಸಾರ, ಅಷ್ಟೇ. ಆ್ಯನಿ ಚಾಪ್ಮನ್ ಗಂಡ ಶ್ರೀಮಂತರ ಮನೆಯಲ್ಲಿ ಸಾರೋಟು ಓಡಿಸುತ್ತಿದ್ದ. ಅವರದು ಅಚ್ಚುಕಟ್ಟಾದ ಕುಟುಂಬ. ಅಲ್ಲಿಂದ ಅವಳು ಬೀದಿಗೆ ಬಂದು ನಿಂತದ್ದು ಹೇಗೆ ಅನ್ನುವುದನ್ನು ಓದುವಾಗ ಮನಸ್ಸು ಭಾರವಾಗುತ್ತದೆ.

ಕೊನೆಯಲ್ಲಿ ಒಬ್ಬೊಬ್ಬರು ಸತ್ತಾಗ ಅವರ ಬಳಿ ಏನೇನಿತ್ತು ಅನ್ನುವ ಪಟ್ಟಿ ಇದೆ. ಕ್ಯಾಥರೀನ್ ಎಡ್ಡೋಸ್ ಬಳಿ ಆರು ತುಂಡು ಸೋಪು, ಒಂದು ಬಾಚಣಿಗೆ, ಟೀ ಪುಡಿಯ ಡಬ್ಬಿ, ಸಕ್ಕರೆ ಡಬ್ಬಿ, ಸೂಜಿ ಪಿನ್ನು ಚುಚ್ಚಿದ ಬಟ್ಟೆ, ಮಣ್ಣಿನ ಎರಡು ಹೊಗೆಪೈಪು, ಕೆಂಪು ಕೈಗವಸು ಒಂದೇ ಒಂದು. ನಿಲ್ಲಲು ನೆಲೆಯಿಲ್ಲದ ಹೆಂಗಸು ತನ್ನ ಸಂಸಾರವನ್ನೆಲ್ಲ ಮೈಮೇಲೆ ಹೊತ್ತು ತಿರುಗುತ್ತಿದ್ದಳು.

ನಿಮ್ಮ ಪಟ್ಟಿಯಲ್ಲಿ ಯಾವುದಿದೆ ಹೇಳಿ. ಬರೀ ಹೆಸರು ಬೇಡ, ಕಾರಣವೂ ಇರಲಿ.

ಸಂಜೆಓದು

ಒಳ್ಳೆಯ ಪ್ರಶ್ನೆ. ಆದರೆ ಕೊಂದವನ ಬಗ್ಗೆ ಬರೆಯುವುದೇ ತಪ್ಪು ಅನ್ನುವ ಹಾಗೆ ಕೇಳಿಸುತ್ತಿದೆ, ಅದನ್ನು ನಾನು ಒಪ್ಪುವುದಿಲ್ಲ.

ಟ್ರೂಮನ್ ಕಪೋಟಿ ಅವರ 'ಇನ್ ಕೋಲ್ಡ್ ಬ್ಲಡ್' ತೆಗೆದುಕೊಳ್ಳಿ. 1959ರ ನವೆಂಬರ್ 15ರಂದು ಅಮೆರಿಕದ ಕ್ಯಾನ್ಸಸ್ ರಾಜ್ಯದ ಹಾಲ್ಕಮ್ ಎಂಬ ಸಣ್ಣ ಊರಲ್ಲಿ ಕ್ಲಟರ್ ಕುಟುಂಬದ ನಾಲ್ವರನ್ನು ಅವರ ಮನೆಯಲ್ಲೇ ಕೊಂದರು. ಪೆರ್ರಿ ಸ್ಮಿತ್, ರಿಚರ್ಡ್ ಹಿಕಾಕ್ ಇಬ್ಬರಿಗೂ 1965ರ ಏಪ್ರಿಲ್‌ನಲ್ಲಿ ಗಲ್ಲಾಯಿತು. ಪುಸ್ತಕ ಶುರುವಾಗುವುದು ಕೊಂದವರಿಂದಲ್ಲ, ಆ ಮನೆಯವರ ಕೊನೆಯ ದಿನದಿಂದ. 16 ವರ್ಷದ ನ್ಯಾನ್ಸಿ ನೆರೆಯ ಹುಡುಗಿಗೆ ಚೆರ್ರಿ ಪೈ ಮಾಡುವುದನ್ನು ಹೇಳಿಕೊಡುತ್ತಾಳೆ. ರಾತ್ರಿ ಏನಾಗುತ್ತದೆ ಅಂತ ನಮಗೆ ಗೊತ್ತಿದೆ, ಅವಳಿಗೆ ಗೊತ್ತಿಲ್ಲ. ಆ ಪುಟಗಳನ್ನು ಮರೆಯಲು ಆಗುವುದಿಲ್ಲ. ಆಮೇಲೆ ಪೆರ್ರಿಯ ಬಾಲ್ಯ ಬರುತ್ತದೆ. ಅನಾಥಾಲಯ, ಹೊಡೆತ, ಬಡಿತ. ಅದನ್ನು ಓದದೆ ಆ ರಾತ್ರಿ ಅರ್ಥವಾಗುವುದಿಲ್ಲ. ಅರ್ಥ ಮಾಡಿಕೊಂಡ ಮಾತ್ರಕ್ಕೆ ಕ್ಷಮಿಸಿದ ಹಾಗಲ್ಲ.

ಕಪ್ಪುಶಾಯಿ

ಬರವಣಿಗೆಗೆ ಎರಡು ಮಾತಿಲ್ಲ ಸಂಜೆಓದು ಅವರೇ. ತಕರಾರು ಇರುವುದು ಮೊದಲನೇ ಪ್ರಶ್ನೆಯಲ್ಲಿ. ಅವರಿಗೆ ಹೇಗೆ ಗೊತ್ತಾಯಿತು?

ಪುಸ್ತಕದಲ್ಲಿ ಇರುವುದೆಲ್ಲ ನಿಜ ಅಂತ ಕಪೋಟಿ ಹೇಳಿಕೊಂಡಿದ್ದರು. ಆದರೆ ಮಾತಾಡಿಸುವಾಗ ಟೇಪ್ ರೆಕಾರ್ಡರ್ ಬಳಸುತ್ತಿರಲಿಲ್ಲ, ಎದುರಿಗೆ ಕೂತು ಬರೆದುಕೊಳ್ಳುತ್ತಲೂ ಇರಲಿಲ್ಲ. ನೆನಪಿನಿಂದ ಆಮೇಲೆ ಬರೆಯುತ್ತಿದ್ದರು. ಕೊನೆಯಲ್ಲಿ ತನಿಖಾಧಿಕಾರಿ ಆಲ್ವಿನ್ ಡ್ಯೂಯಿ ಸ್ಮಶಾನದಲ್ಲಿ ನ್ಯಾನ್ಸಿಯ ಗೆಳತಿಯನ್ನು ಭೇಟಿಯಾಗುವ ದೃಶ್ಯ ಇದೆಯಲ್ಲ, ಅದು ನಡೆದೇ ಇಲ್ಲ. ಡ್ಯೂಯಿ ಅವರೇ ಹಾಗೆ ಹೇಳಿದ್ದಾರೆ. ಇನ್ನೊಂದಿದೆ. ಜೈಲಿನಿಂದ ಸುಳಿವು ಸಿಕ್ಕ ಕೂಡಲೇ ಪೊಲೀಸರು ಹಿಕಾಕ್ ಮನೆಗೆ ಹೋದರು ಅಂತ ಪುಸ್ತಕ ಹೇಳುತ್ತದೆ. ಬಹಳ ವರ್ಷಗಳ ನಂತರ ಹೊರಬಂದ ತನಿಖೆಯ ಕಾಗದಗಳ ಪ್ರಕಾರ ಅವರು ಹೊರಟದ್ದು ಐದು ದಿನ ಬಿಟ್ಟು. ಕಪೋಟಿಗೆ ಡ್ಯೂಯಿ ಮೇಲೆ ವಿಶ್ವಾಸ ಇತ್ತು, ಡ್ಯೂಯಿಯಿಂದ ಬಹಳ ನೆರವೂ ಸಿಕ್ಕಿತ್ತು. ಪುಸ್ತಕದಲ್ಲಿ ಪೊಲೀಸರು ಚುರುಕಾಗಿ ಕಾಣಿಸಿದ್ದು ಸುಮ್ನೆ ಅಲ್ಲ.

ಸ್ಮಶಾನದ ದೃಶ್ಯ ಇಲ್ಲದೆಯೂ ಪುಸ್ತಕ ಗಟ್ಟಿಯಾಗಿಯೇ ನಿಲ್ಲುತ್ತಿತ್ತು. ಅದನ್ನು ಸೇರಿಸಿದ್ದರಿಂದ ಈಗ ಪ್ರತಿ ಪುಟದಲ್ಲೂ ಇದು ನಿಜವೋ ಅಲ್ಲವೋ ಅಂತ ಕೇಳಬೇಕಾಗಿದೆ.

ಸಂಜೆಓದು

ಕೊನೆಯ ದೃಶ್ಯದ ವಿಷಯ ಒಪ್ಪಿದೆ. ಆದರೂ ಅಪರಾಧದ ಬಗ್ಗೆ ಇಷ್ಟು ಕಾಳಜಿಯಿಂದ ಬರೆಯಬಹುದು ಅಂತ ಎಷ್ಟೋ ಬರಹಗಾರರಿಗೆ ತೋರಿಸಿಕೊಟ್ಟದ್ದು ಆ ಪುಸ್ತಕ. ಓದಬೇಡಿ ಅಂತ ಯಾರಿಗೂ ಹೇಳಲಾರೆ.

ಹಳೆಕಡತ

'ಹೇಗೆ ಗೊತ್ತಾಯಿತು' ಅನ್ನುವುದಕ್ಕೆ ನಾನು ಒಂದು ಜೋಡಿ ಹೇಳುತ್ತೇನೆ. ಒಂದೇ ಕಡತ, ಇಬ್ಬರು ಇತಿಹಾಸಕಾರರು, ಎರಡು ತೀರ್ಮಾನ.

ಕ್ರಿಸ್ಟೋಫರ್ ಬ್ರೌನಿಂಗ್ ಅವರ 'ಆರ್ಡಿನರಿ ಮೆನ್' 1992ರಲ್ಲಿ ಬಂತು. ಎರಡನೇ ಮಹಾಯುದ್ಧದಲ್ಲಿ ಪೋಲೆಂಡಿಗೆ ಕಳಿಸಿದ ಜರ್ಮನ್ ಮೀಸಲು ಪೊಲೀಸ್ ಬೆಟಾಲಿಯನ್ 101ರ ಬಗ್ಗೆ ಬರೆದದ್ದು. ಸುಮಾರು 500 ಜನ. ಹೆಚ್ಚಿನವರು ಹ್ಯಾಂಬರ್ಗ್ ನಗರದವರು, ನಡುವಯಸ್ಸಿನವರು, ಕೂಲಿ ಕೆಲಸ, ಗುಮಾಸ್ತಗಿರಿ ಮಾಡಿಕೊಂಡಿದ್ದವರು. 1942ರ ಜುಲೈ 13ರ ಬೆಳಗಿನ ಜಾವ ಯೂಜೆಫೂಫ್ ಎಂಬ ಹಳ್ಳಿಯ ಹೊರಗೆ ಅವರನ್ನು ಸಾಲಾಗಿ ನಿಲ್ಲಿಸಿದರು. ಮೇಜರ್ ಟ್ರಾಪ್ ಗದ್ಗದ ದನಿಯಲ್ಲಿ ಆಜ್ಞೆ ಹೇಳಿದ. ಊರಿನ ಯೆಹೂದಿಗಳಲ್ಲಿ ದುಡಿಯಬಲ್ಲ ಗಂಡಸರನ್ನು ಬೇರೆ ಮಾಡಿ, ಹೆಂಗಸರು, ಮಕ್ಕಳು, ಮುದುಕರನ್ನು ಗುಂಡಿಟ್ಟು ಕೊಲ್ಲಬೇಕು. ಆಮೇಲೆ ಅವನು ಒಂದು ಮಾತು ಸೇರಿಸಿದ. ನಿಮ್ಮಲ್ಲಿ ವಯಸ್ಸಾದ ಯಾರಿಗಾದರೂ ಈ ಕೆಲಸ ಆಗದು ಅನ್ನಿಸಿದರೆ ಮುಂದೆ ಬನ್ನಿ.

ಮುಂದೆ ಬಂದವರು ಹತ್ತು ಹನ್ನೆರಡು ಜನ. ಅವರಿಗೆ ಯಾವ ಶಿಕ್ಷೆಯೂ ಆಗಲಿಲ್ಲ. ಉಳಿದವರು ಅವತ್ತು ಸುಮಾರು 1,500 ಜನರನ್ನು ಕೊಂದರು.

ಇದು ಗೊತ್ತಾದದ್ದು 1960ರ ದಶಕದಲ್ಲಿ ಹ್ಯಾಂಬರ್ಗಿನ ಸರ್ಕಾರಿ ವಕೀಲರು ಆ ಬೆಟಾಲಿಯನ್ನಿನ 210 ಜನರಿಂದ ಪಡೆದ ಹೇಳಿಕೆಗಳಿಂದ. ಬ್ರೌನಿಂಗ್ ಆ ಹೇಳಿಕೆಗಳನ್ನು ಒಂದೊಂದಾಗಿ ಓದಿ ಹೇಳುವುದು ಇಷ್ಟು. ಇವರು ಹುಟ್ಟಾ ರಾಕ್ಷಸರಲ್ಲ. ಜೊತೆಯವರ ಮುಂದೆ ಹೇಡಿ ಅನ್ನಿಸಿಕೊಳ್ಳಬಾರದು, ತಾನು ಹಿಂದೆ ಸರಿದರೆ ಕೊಳಕು ಕೆಲಸ ಪಕ್ಕದವನ ಮೇಲೆ ಬೀಳುತ್ತದೆ, ಮೇಲಿನವರು ಹೇಳಿದ್ದಾರೆ. ಇಂಥ ಮಾಮೂಲಿ ಕಾರಣಗಳೇ ಸಾಕಾದವು.

ಡೇನಿಯಲ್ ಗೋಲ್ಡ್‌ಹೇಗನ್ 1996ರಲ್ಲಿ 'ಹಿಟ್ಲರ್ಸ್ ವಿಲ್ಲಿಂಗ್ ಎಕ್ಸಿಕ್ಯೂಷನರ್ಸ್' ಬರೆದರು. ಅದೇ ಬೆಟಾಲಿಯನ್, ಅದೇ ಹೇಳಿಕೆಗಳು. ಅವರ ತೀರ್ಮಾನ ಬೇರೆ. ಜರ್ಮನಿಯಲ್ಲಿ ಬೇರೂರಿದ್ದ ಯೆಹೂದಿ ದ್ವೇಷವೇ ಕಾರಣ, ಇವರು ಮನಸ್ಸಿನಿಂದ ಒಪ್ಪಿಯೇ ಕೊಂದರು ಅಂತ. ಬ್ರೌನಿಂಗ್ ತಮ್ಮ ಪುಸ್ತಕದ ಮುಂದಿನ ಮುದ್ರಣಕ್ಕೆ ಉದ್ದನೆಯ ಉತ್ತರ ಸೇರಿಸಿದರು.

ಜಗಳ ಇರುವುದು ಒಂದು ಕಡೆ. ಕೊಂದವರು ಇಪ್ಪತ್ತು ವರ್ಷದ ಮೇಲೆ, ಕೇಸಿನ ಭಯ ಇಟ್ಟುಕೊಂಡು ಕೊಟ್ಟ ಹೇಳಿಕೆ. ನನಗೆ ಅಳು ಬಂತು, ಆಗಲಿಲ್ಲ ಅಂತ ಒಬ್ಬ ಹೇಳಿದರೆ ನಂಬಬೇಕೇ? ತಪ್ಪಿಸಿಕೊಳ್ಳಲು ಹೇಳಿದ್ದು ಅಂತ ಗೋಲ್ಡ್‌ಹೇಗನ್ ಇಂಥವನ್ನು ಬಹುಪಾಲು ಬದಿಗಿಡುತ್ತಾರೆ. ಬ್ರೌನಿಂಗ್ ಒಂದೊಂದನ್ನೂ ಬೇರೆಯವರ ಮಾತಿನ ಜೊತೆ ಹೋಲಿಸಿ ಎಷ್ಟು ನಂಬಬಹುದೋ ಅಷ್ಟು ನಂಬುತ್ತಾರೆ. ನನಗೆ ಬ್ರೌನಿಂಗ್ ದಾರಿ ಸರಿ ಕಾಣುತ್ತದೆ. ತನ್ನ ವಾದಕ್ಕೆ ಒಗ್ಗದ ಸಾಕ್ಷಿಯನ್ನೆಲ್ಲ ಸುಳ್ಳು ಅಂತ ಮೊದಲೇ ತೆಗೆದುಹಾಕಿದರೆ ಗೆಲ್ಲುವುದು ಸುಲಭ.

ಹಾಳೆಮಡಿಕೆ

ಇದು ನಾನು ಕೇಳಿದ್ದಕ್ಕಿಂತ ಜಾಸ್ತಿಯೇ ಸಿಕ್ಕಿತು. ಆದರೆ ನೋಡಿ, ಎರಡೂ ಪುಸ್ತಕಗಳಲ್ಲಿ ಆ 1,500 ಜನ ಒಂದು ಸಂಖ್ಯೆಯಾಗಿಯೇ ಉಳಿಯುತ್ತಾರೆ, ಅಲ್ವಾ? ಹೇಳಿಕೆ ಕೊಟ್ಟವರು ಕೊಂದವರು. ಸತ್ತವರ ಹೇಳಿಕೆ ಯಾರೂ ತೆಗೆದುಕೊಳ್ಳಲಿಲ್ಲ.

ಹಳೆಕಡತ

ನಿಜ. ಅದೇ ಈ ವಿಷಯದ ದೊಡ್ಡ ಕಷ್ಟ. ಕಡತ ಬರೆಯುವ ಕೈ ಸಾಮಾನ್ಯವಾಗಿ ಬಲ ಇದ್ದವನದೇ.

ಇದನ್ನು ಬಾಯಿಬಿಟ್ಟು ಹೇಳುವ ಪುಸ್ತಕ ಆ್ಯಡಮ್ ಹಾಕ್‌ಶೀಲ್ಡ್ ಅವರ 'ಕಿಂಗ್ ಲಿಯೋಪೋಲ್ಡ್ಸ್ ಗೋಸ್ಟ್' (1998). ಬೆಲ್ಜಿಯಂ ದೊರೆ ಎರಡನೇ ಲಿಯೋಪೋಲ್ಡ್ ಕಾಂಗೋವನ್ನು ತನ್ನ ಸ್ವಂತ ಆಸ್ತಿ ಮಾಡಿಕೊಂಡು ರಬ್ಬರಿಗಾಗಿ ಜನರನ್ನು ಹಿಂಡಿದ ಕಥೆ. ಒಂದು ಸಲವೂ ಆತ ಅಲ್ಲಿಗೆ ಕಾಲಿಡಲಿಲ್ಲ. ಗುಟ್ಟು ಹೊರಬಿದ್ದದ್ದು ಎಡ್ಮಂಡ್ ಮೊರೆಲ್ ಎಂಬ ಹಡಗು ಕಂಪನಿಯ ಗುಮಾಸ್ತನಿಂದ. ಆ್ಯಂಟ್‌ವರ್ಪ್ ಬಂದರಿನಲ್ಲಿ ಅವನು ಸರಕಿನ ಲೆಕ್ಕ ನೋಡುತ್ತಿದ್ದ. ಕಾಂಗೋದಿಂದ ಬರುವ ಹಡಗಿನ ತುಂಬ ರಬ್ಬರು, ಆನೆದಂತ. ಹೋಗುವ ಹಡಗಿನಲ್ಲಿ ಹೆಚ್ಚಾಗಿ ಬಂದೂಕು, ಮದ್ದುಗುಂಡು, ಸೈನಿಕರು. ವ್ಯಾಪಾರದ ಸಾಮಾನು ಹೋಗುತ್ತಲೇ ಇಲ್ಲ ಅಂದರೆ ರಬ್ಬರಿಗೆ ಬೆಲೆ ಯಾರು ಕೊಡುತ್ತಿದ್ದಾರೆ? ಯಾರೂ ಕೊಡುತ್ತಿಲ್ಲ. ಜನರನ್ನು ಬಂದೂಕು ತೋರಿಸಿ ದುಡಿಸುತ್ತಿದ್ದಾರೆ. ಆಫ್ರಿಕಾಕ್ಕೆ ಹೋಗದೆ, ಲೆಕ್ಕದ ಪುಸ್ತಕ ನೋಡಿಯೇ ಅವನಿಗೆ ಇಷ್ಟು ತಿಳಿಯಿತು. ಕೆಲಸ ಬಿಟ್ಟು ಹೋರಾಟಕ್ಕೆ ಇಳಿದ.

1908ರಲ್ಲಿ ಕಾಂಗೋ ಕೈಬಿಡುವ ಮೊದಲು ಲಿಯೋಪೋಲ್ಡ್ ತನ್ನ ಕಾಂಗೋ ಕಾಗದಪತ್ರಗಳನ್ನೆಲ್ಲ ಸುಡಿಸಿದ. ಎಂಟು ದಿನ ಒಲೆ ಉರಿಯಿತು. ಅದಕ್ಕೂ ಮೊದಲು ಒಂದು ವಿಚಾರಣಾ ಆಯೋಗ ನೂರಾರು ಆಫ್ರಿಕನ್ನರ ಹೇಳಿಕೆ ತೆಗೆದುಕೊಂಡಿತ್ತು. ಅವು 1980ರ ದಶಕದವರೆಗೆ ಬೀಗದೊಳಗೇ ಇದ್ದವು. ಕಾಂಗೋ ಜನರ ದನಿ ತನ್ನ ಪುಸ್ತಕದಲ್ಲಿ ಯಾಕೆ ಕಡಿಮೆ ಅಂತ ಹಾಕ್‌ಶೀಲ್ಡ್ ಮುಚ್ಚಿಡದೆ ಹೇಳುತ್ತಾರೆ. ಅದಕ್ಕೇ ನನಗೆ ಆ ಪುಸ್ತಕದ ಮೇಲೆ ನಂಬಿಕೆ.

ನೀಲಿಪೆನ್ನು

ಸತ್ತವರ ಹೇಳಿಕೆ ಇಲ್ಲದಿದ್ದರೂ ಬರೆಯಬಹುದು ಅನ್ನುವುದಕ್ಕೆ ಡೇವಿಡ್ ಗ್ರ್ಯಾನ್ ಅವರ 'ಕಿಲ್ಲರ್ಸ್ ಆಫ್ ದಿ ಫ್ಲವರ್ ಮೂನ್' (2017) ನೋಡಿ. 1920ರ ದಶಕ, ಒಕ್ಲಹೋಮ. ಓಸೇಜ್ ಬುಡಕಟ್ಟಿನವರ ನೆಲದಡಿ ಎಣ್ಣೆ ಸಿಕ್ಕಿತು. ಹಣ ಹರಿದುಬಂತು. ಆ ಹಣ ಖರ್ಚು ಮಾಡಲು ಬಹಳಷ್ಟು ಓಸೇಜರಿಗೆ ಸರ್ಕಾರ ಬಿಳಿಯ ಪಾಲಕರನ್ನು ನೇಮಿಸಿತು. ಎಣ್ಣೆಯ ಪಾಲನ್ನು ಮಾರುವಂತಿರಲಿಲ್ಲ, ಆದರೆ ವಾರಸುದಾರರಿಗೆ ಹೋಗುತ್ತಿತ್ತು. ಅಂದರೆ ಮದುವೆಯಾಗಿ ಕೊಂದರೆ ಪಾಲು ಕೈಗೆ ಬರುತ್ತದೆ. ಮಾಲಿ ಬರ್ಕ್‌ಹಾರ್ಟ್ ಎಂಬ ಹೆಣ್ಣುಮಗಳ ಅಕ್ಕ ಆ್ಯನಾ, ತಾಯಿ, ಇನ್ನೊಬ್ಬ ತಂಗಿ ಒಬ್ಬೊಬ್ಬರಾಗಿ ಸತ್ತರು. ಸಂಚು ಹೂಡಿದವನು ವಿಲಿಯಂ ಹೇಲ್, ಅವಳ ಗಂಡನ ಸೋದರಮಾವ. ಗಂಡನೂ ಅದರಲ್ಲಿ ಇದ್ದ.

ಹೇಲ್‌ಗೆ ಶಿಕ್ಷೆಯಾದಲ್ಲಿಗೆ ಪುಸ್ತಕ ಮುಗಿಯಬಹುದಿತ್ತು. ಗ್ರ್ಯಾನ್ ಮುಗಿಸುವುದಿಲ್ಲ. ಮೂರನೇ ಭಾಗದಲ್ಲಿ ತಾವೇ ಪತ್ರಾಗಾರಕ್ಕೆ ಹೋಗುತ್ತಾರೆ. ಅಲ್ಲಿ ಪಾಲಕರ ಹೆಸರು, ಅವರ ಕೈಕೆಳಗಿದ್ದ ಓಸೇಜರ ಹೆಸರು ಬರೆದ ಒಂದು ಸಣ್ಣ ಪುಸ್ತಕ ಸಿಗುತ್ತದೆ. ಹೆಸರಿನ ಪಕ್ಕ ಒಂದೇ ಪದ. 'ಸತ್ತಿದ್ದಾರೆ'. ಕೆಳಗೆ ಮತ್ತೊಂದು ಹೆಸರು, ಮತ್ತೆ 'ಸತ್ತಿದ್ದಾರೆ'. ಒಬ್ಬನೇ ಪಾಲಕನ ಕೆಳಗೆ ಸಾಲು ಸಾಲಾಗಿ. ಅಧಿಕೃತವಾಗಿ 24 ಕೊಲೆ ಅನ್ನುತ್ತಿದ್ದರು. ನಿಜವಾದ ಲೆಕ್ಕ ಅದಕ್ಕಿಂತ ಬಹಳ ದೊಡ್ಡದು, ಹೇಲ್ ಒಬ್ಬನೇ ಅಲ್ಲ ಅಂತ ಆ ಪುಟಗಳು ತೋರಿಸುತ್ತವೆ. ವೈದ್ಯರು, ವಕೀಲರು, ಶವಸಂಸ್ಕಾರ ಮಾಡುವವರು ಎಲ್ಲ ಸೇರಿದ್ದ ಒಂದು ಊರೇ ಅಪರಾಧಿ.

ಕಪ್ಪುಶಾಯಿ

ಗ್ರ್ಯಾನ್ ಬಗ್ಗೆ ಪೂರ್ತಿ ಒಪ್ಪಿದೆ. ಅದರ ಜೊತೆ ಪ್ಯಾಟ್ರಿಕ್ ರ್‍ಯಾಡನ್ ಕೀಫ್ ಅವರ 'ಸೇ ನಥಿಂಗ್' (2018) ಓದಿ. 1972ರ ಡಿಸೆಂಬರ್, ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್. ಹತ್ತು ಮಕ್ಕಳ ತಾಯಿ, ವಿಧವೆ ಜೀನ್ ಮೆಕ್‌ಕಾನ್ವಿಲ್ ಅವರನ್ನು ಮುಸುಕು ಹಾಕಿದವರು ಮಕ್ಕಳ ಕಣ್ಣೆದುರೇ ಎಳೆದುಕೊಂಡು ಹೋದರು. 2003ರಲ್ಲಿ ಒಂದು ಕಡಲತೀರದಲ್ಲಿ ಎಲುಬು ಸಿಕ್ಕಿತು. ಬಟ್ಟೆಯಲ್ಲಿ ಒಂದು ನೀಲಿ ಸೇಫ್ಟಿ ಪಿನ್ ಇತ್ತು. ಅಷ್ಟು ಮಕ್ಕಳಿದ್ದ ಮನೆಯಲ್ಲಿ ಅದು ಬೇಕಾಗುತ್ತಲೇ ಇರುತ್ತದೆ ಅಂತ ಅವರು ಯಾವಾಗಲೂ ಬಟ್ಟೆಗೆ ಚುಚ್ಚಿಕೊಂಡಿರುತ್ತಿದ್ದರು. ಮಕ್ಕಳು ಅಮ್ಮನನ್ನು ಗುರುತಿಸಿದ್ದು ಅದರಿಂದ.

ಈ ಪುಸ್ತಕದಲ್ಲಿ ಸಾಕ್ಷಿಯ ಪ್ರಶ್ನೆಯೇ ಕಥೆಯಾಗಿದೆ. ಅಮೆರಿಕದ ಬಾಸ್ಟನ್ ಕಾಲೇಜಿನ ಒಂದು ಯೋಜನೆಯಲ್ಲಿ ಉತ್ತರ ಐರ್ಲೆಂಡಿನ ಸಶಸ್ತ್ರ ಗುಂಪುಗಳ ಮಾಜಿ ಹೋರಾಟಗಾರರ ಮಾತುಗಳನ್ನು ಟೇಪ್ ಮಾಡಿದ್ದರು. ನೀವು ಸಾಯುವವರೆಗೆ ಹೊರಗೆ ಬಿಡುವುದಿಲ್ಲ ಅಂತ ಭರವಸೆ ಕೊಟ್ಟಿದ್ದರು. 2011ರಲ್ಲಿ ಪೊಲೀಸರು ಆ ಟೇಪುಗಳನ್ನು ತಮಗೆ ಕೊಡಿ ಅಂತ ಕೇಳಿದರು. ಕೋರ್ಟು ಹತ್ತಿದ ಮೇಲೆ ಕೆಲವನ್ನು ಒಪ್ಪಿಸಬೇಕಾಯಿತು. ಕೊಡಬಾರದ ಮಾತು ಕೊಟ್ಟು ಇತಿಹಾಸ ಕೂಡಿಡಲು ಹೋದರೆ ಏನಾಗುತ್ತದೆ ಅಂತ ನೋಡಬೇಕಾದರೆ ಇದನ್ನು ಓದಿ.

ಮಾತು ಕೊಡುವ ವಿಷಯ ಬಂತಲ್ಲ, ಜ್ಯಾನೆಟ್ ಮಾಲ್ಕಮ್ ಅವರ 'ದಿ ಜರ್ನಲಿಸ್ಟ್ ಆ್ಯಂಡ್ ದಿ ಮರ್ಡರರ್' (1990) ಕೂಡ ಸೇರಿಸಿ. ಸಣ್ಣ ಪುಸ್ತಕ. ಹೆಂಡತಿ, ಇಬ್ಬರು ಹೆಣ್ಣುಮಕ್ಕಳನ್ನು ಕೊಂದ ಅಪರಾಧಕ್ಕೆ ಶಿಕ್ಷೆಯಾದ ಒಬ್ಬ ವೈದ್ಯ, ಅವನ ಜೊತೆಗೇ ಇದ್ದು ಪುಸ್ತಕ ಬರೆದ ಪತ್ರಕರ್ತ ಜೋ ಮೆಕ್‌ಗಿನ್ನಿಸ್. ನಿನ್ನನ್ನು ನಂಬಿದ್ದೇನೆ ಅನ್ನುವ ಧಾಟಿಯಲ್ಲಿ ಜೈಲಿಗೆ ಪತ್ರ ಬರೆಯುತ್ತಿದ್ದವನು, ಪುಸ್ತಕದಲ್ಲಿ ಅವನನ್ನು ಮನೋರೋಗಿ ಕೊಲೆಗಾರ ಅಂತ ತೋರಿಸಿದ. ಕೈದಿ ಕೇಸು ಹಾಕಿದ. ತೀರ್ಪುಗಾರರಲ್ಲಿ ಒಮ್ಮತ ಬರಲಿಲ್ಲ, ಕೊನೆಗೆ 1987ರಲ್ಲಿ 3,25,000 ಡಾಲರಿಗೆ ರಾಜಿಯಾಯಿತು. ಕೊಲೆಗಾರನಿಗೆ ಸುಳ್ಳು ಹೇಳಬಹುದೇ? ನನ್ನ ಪ್ರಕಾರ ಬೇಡ. ಸುಳ್ಳು ಹೇಳಿ ಬಾಯಿಬಿಡಿಸಿದ್ದು ಗೊತ್ತಾದರೆ ಪುಸ್ತಕದಲ್ಲಿರುವ ಸತ್ಯದ ಮೇಲೂ ಅನುಮಾನ ಬೀಳುತ್ತದೆ.

ಸಂಜೆಓದು

ಆ ಪತ್ರಗಳನ್ನು ಓದಿದಾಗ ನನಗೂ ಹಿಂಸೆಯಾಯಿತು. ಸ್ನೇಹದ ಮಾತೆಲ್ಲ ಬರೀ ಪುಸ್ತಕಕ್ಕಾಗಿ.

ನೀಲಿಪೆನ್ನು

ಅಪರಾಧವೇ ಜಾಸ್ತಿ ಆಯಿತು, ಸಮಾಜದ ಕಡೆಗೂ ಬರೋಣ. ನಿಧಾನವಾಗಿ ಆಗುವ ಅನ್ಯಾಯಕ್ಕೆ ಎಫ್‌ಐಆರ್ ಇರುವುದಿಲ್ಲ, ಆದರೆ ಸಾಕ್ಷಿ ಬೇಕೇ ಬೇಕು.

ಕ್ಯಾಥರೀನ್ ಬೂ ಅವರ 'ಬಿಹೈಂಡ್ ದಿ ಬ್ಯೂಟಿಫುಲ್ ಫಾರ್ಎವರ್ಸ್' (2012) ಮುಂಬೈ ವಿಮಾನ ನಿಲ್ದಾಣದ ಪಕ್ಕದ ಅಣ್ಣಾವಾಡಿ ಕೊಳೆಗೇರಿಯ ಬಗ್ಗೆ. ಗುಜರಿ ವಿಂಗಡಿಸುವ ಹುಡುಗ ಅಬ್ದುಲ್ ಒಂದು ಸಾವಿನ ಕೇಸಿನಲ್ಲಿ ಸಿಕ್ಕಿಕೊಳ್ಳುತ್ತಾನೆ. ಕಾದಂಬರಿ ಓದಿದ ಹಾಗಿರುತ್ತದೆ. ಆದರೆ ಬೂ ವರ್ಷಗಟ್ಟಲೆ ಅಲ್ಲಿ ಓಡಾಡಿ ಬರೆದುಕೊಂಡಿದ್ದಾರೆ, ವಿಡಿಯೋ ಮಾಡಿದ್ದಾರೆ, ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ ಸಾವಿರಾರು ಸರ್ಕಾರಿ ದಾಖಲೆ ತರಿಸಿದ್ದಾರೆ. ಜನ ಹೇಳಿದ್ದಕ್ಕೂ ಕಾಗದದಲ್ಲಿ ಇರುವುದಕ್ಕೂ ಎಷ್ಟು ಅಂತರ ಅಂತ ಅಲ್ಲಿ ಗೊತ್ತಾಗುತ್ತದೆ.

ಪಿ. ಸಾಯಿನಾಥ್ ಅವರ 1996ರ ಪುಸ್ತಕವನ್ನು ಜಿ.ಎನ್. ಮೋಹನ್ ಕನ್ನಡಕ್ಕೆ ತಂದಿದ್ದಾರೆ, 'ಬರ ಅಂದ್ರೆ ಎಲ್ಲರಿಗೂ ಇಷ್ಟ'. ಮೊದಲ ಸಲ ಇಂಥದ್ದನ್ನು ಓದುವವರಿಗೆ ಇದನ್ನೇ ಹೇಳುತ್ತೇನೆ. ಬಡವರ ಹೆಸರಲ್ಲಿ ಬಂದ ಯೋಜನೆ ಬಡವರ ಮನೆ ಬಾಗಿಲಿಗೆ ಬರುವ ಹೊತ್ತಿಗೆ ಏನಾಗಿರುತ್ತದೆ ಅಂತ ಒಂದೊಂದು ವರದಿಯೂ ತೋರಿಸುತ್ತದೆ. ಎಲ್ಲೂ ಕಣ್ಣೀರು ಹಾಕಿಸುವ ಆಟ ಇಲ್ಲ.

ಇಸಬೆಲ್ ವಿಲ್ಕರ್ಸನ್ ಅವರ 'ದಿ ವಾರ್ಮ್ತ್ ಆಫ್ ಅದರ್ ಸನ್ಸ್' (2010) ಇನ್ನೊಂದು. 1915ರಿಂದ 1970ರವರೆಗೆ ಅಮೆರಿಕದ ದಕ್ಷಿಣದಿಂದ ಸುಮಾರು 60 ಲಕ್ಷ ಕಪ್ಪು ಜನ ಉತ್ತರಕ್ಕೆ, ಪಶ್ಚಿಮಕ್ಕೆ ಗುಳೆ ಹೋದರು. 1,200ಕ್ಕೂ ಹೆಚ್ಚು ಜನರನ್ನು ಮಾತಾಡಿಸಿ ಮೂವರನ್ನು ಆರಿಸಿ ಹೇಳಿದ್ದಾರೆ. ಅವರಲ್ಲಿ ವೈದ್ಯ ರಾಬರ್ಟ್ ಫಾಸ್ಟರ್ ಒಬ್ಬನೇ ಕಾರು ಓಡಿಸಿಕೊಂಡು ಕ್ಯಾಲಿಫೋರ್ನಿಯಾಕ್ಕೆ ಹೊರಡುತ್ತಾನೆ. ಕಣ್ಣಿಗೆ ನಿದ್ದೆ ಹತ್ತುತ್ತಿದೆ. ಒಂದಾದ ಮೇಲೊಂದು ಮೋಟೆಲ್ ಅವನಿಗೆ ಕೋಣೆ ಇಲ್ಲ ಅನ್ನುತ್ತದೆ. ಆ ಪುಟಗಳನ್ನು ಎಲ್ಲರೂ ಓದಬೇಕು.

ಹಾಳೆಮಡಿಕೆ

ಊರ್ವಶಿ ಬುಟಾಲಿಯಾ ಅವರ 'ದಿ ಅದರ್ ಸೈಡ್ ಆಫ್ ಸೈಲೆನ್ಸ್' (1998) ಬಿಡಬಾರದು. ದೇಶವಿಭಜನೆಯ ಬಗ್ಗೆ ಲೆಕ್ಕ, ಒಪ್ಪಂದ, ನಾಯಕರ ಮಾತು ಎಷ್ಟೋ ಕಡೆ ಇದೆ. ಬುಟಾಲಿಯಾ ತಮ್ಮ ಮನೆಯಿಂದಲೇ ಶುರು ಮಾಡುತ್ತಾರೆ. ಮನೆಯ ಬೇರೆಯವರು ಭಾರತಕ್ಕೆ ಬಂದಾಗ ಅವರ ಸೋದರಮಾವ ಲಾಹೋರಿನಲ್ಲೇ ಉಳಿದ, ತಾಯಿಯನ್ನೂ ತನ್ನ ಜೊತೆ ಇಟ್ಟುಕೊಂಡ. ಅಪಹರಣಕ್ಕೆ ಒಳಗಾದ ಹೆಂಗಸರು, ಆಮೇಲೆ ಅವರನ್ನು ಕೇಳದೆಯೇ 'ವಾಪಸ್' ತಂದ ಸರ್ಕಾರಗಳು, ಮಾನ ಉಳಿಸಲು ತಮ್ಮವರೇ ಕೊಂದ ಹೆಣ್ಣುಮಕ್ಕಳು. ಮಾತಾಡದವರ ಮೌನವನ್ನೂ ಅವರು ಬರೆದುಕೊಳ್ಳುತ್ತಾರೆ. ಕೋಣೆಯಲ್ಲಿ ಗಂಡಸರಿದ್ದಾಗ ಹೆಂಗಸರು ಏನು ಹೇಳಲಿಲ್ಲ ಅನ್ನುವುದೂ ಅವರಿಗೆ ಒಂದು ಸಾಕ್ಷಿಯೇ.

ಹಳೆಕಡತ

ಬಾಯಿಮಾತಿನ ಇತಿಹಾಸದಲ್ಲಿ ಒಂದು ಎಚ್ಚರ ಬೇಕು. ಸ್ವೆಟ್ಲಾನಾ ಅಲೆಕ್ಸಿಯೆವಿಚ್ ನನಗೆ ಬಹಳ ಇಷ್ಟ. 2015ರ ಸಾಹಿತ್ಯದ ನೊಬೆಲ್ ಅವರಿಗೆ ಸಲ್ಲಬೇಕಾದದ್ದೇ. ಚೆರ್ನೋಬಿಲ್ ಅಣುಸ್ಥಾವರ ದುರಂತದ ಬಗ್ಗೆ ಬರೆದ ಪುಸ್ತಕದ ಮೊದಲಲ್ಲಿ ಬರುವ ಅಗ್ನಿಶಾಮಕ ದಳದವನ ಹೆಂಡತಿಯ ಮಾತು ಓದಿ ಮುಂದಿನ ಪುಟ ತಿರುಗಿಸಲು ಕೈ ಬರುವುದಿಲ್ಲ. ಆದರೆ ಅವರ ಪುಸ್ತಕಗಳು ಮುದ್ರಣದಿಂದ ಮುದ್ರಣಕ್ಕೆ ಬದಲಾಗಿವೆ. ಸೋವಿಯತ್ ಸೆನ್ಸಾರ್ ತೆಗೆಸಿದ್ದನ್ನು ಮತ್ತೆ ಸೇರಿಸಿದ್ದು ಸರಿಯೇ. ಆದರೆ ಒಬ್ಬರೇ ಆಡಿದ ಮಾತಿನ ರೂಪವೂ ಅಲ್ಲಲ್ಲಿ ಬೇರೆಯಾಗಿದೆ. ಅವನ್ನು ನಾನು ಕಡತ ಅಂತ ಓದುವುದಿಲ್ಲ, ಕೇಳಿಸಿಕೊಂಡು ಕಟ್ಟಿದ ಬರಹ ಅಂತ ಓದುತ್ತೇನೆ.

ಹೊಸಓದುಗ

ಇಲ್ಲಿಯವರೆಗೆ ಕಾದಂಬರಿ ಬಿಟ್ಟು ಬೇರೆ ಓದಿದವನಲ್ಲ ನಾನು. ಎಲ್ಲವನ್ನೂ ಬರೆದಿಟ್ಟುಕೊಂಡೆ. ಒಂದು ಅನುಮಾನ. ದಾಖಲೆ ಇಲ್ಲದ ಕಡೆ ಲೇಖಕರು ಊಹಿಸಲೇಬಾರದೇ? ಹಾಗಾದರೆ ಹಳೇ ಕಾಲದ ಬಡವರ ಬಗ್ಗೆ ಯಾರೂ ಏನೂ ಬರೆಯಲಾಗದು ಅಲ್ವಾ? ಮತ್ತೆ, ಮೊದಲು ಯಾವುದು ಓದಲಿ?

ಹಳೆಕಡತ

ಬಹಳ ಒಳ್ಳೆಯ ಅನುಮಾನ. ಊಹಿಸಬಹುದು, ಆದರೆ ಊಹೆ ಅಂತ ಓದುಗನಿಗೆ ಗೊತ್ತಾಗಬೇಕು.

ನ್ಯಾಟಲಿ ಜೆಮೊನ್ ಡೇವಿಸ್ ಅವರ 'ದಿ ರಿಟರ್ನ್ ಆಫ್ ಮಾರ್ಟಿನ್ ಗೆರ್' (1983) ಓದಿ. ಹದಿನಾರನೇ ಶತಮಾನದ ಫ್ರಾನ್ಸ್, ಆರ್ಟಿಗಾ ಹಳ್ಳಿ. ಮಾರ್ಟಿನ್ ಎಂಬ ರೈತ ಹೆಂಡತಿಯನ್ನು ಬಿಟ್ಟು ಹೋದ. ಎಂಟು ವರ್ಷದ ಮೇಲೆ ನಾನೇ ಮಾರ್ಟಿನ್ ಅಂತ ಇನ್ನೊಬ್ಬ ಬಂದ. ಊರು ನಂಬಿತು, ಹೆಂಡತಿ ಬರ್ಟ್ರಾಂಡ್ ಅವನ ಜೊತೆ ಸಂಸಾರ ಮಾಡಿದಳು. ಆಸ್ತಿಯ ಜಗಳ ಕೋರ್ಟಿಗೆ ಹೋಯಿತು. 1560ರಲ್ಲಿ ಟುಲೂಸ್ ಕೋರ್ಟು ಇನ್ನೇನು ಅವನ ಪರ ತೀರ್ಪು ಕೊಡಬೇಕು, ಅಷ್ಟರಲ್ಲಿ ನಿಜವಾದ ಮಾರ್ಟಿನ್ ಮರದ ಕಾಲಿನಲ್ಲಿ ನಡೆದು ಬಂದ. ವೇಷಧಾರಿಗೆ ಗಲ್ಲಾಯಿತು.

ಬರ್ಟ್ರಾಂಡ್‌ಗೆ ಗೊತ್ತಿತ್ತೇ? ಅವಳು ಬರೆದಿಟ್ಟದ್ದು ಏನೂ ಇಲ್ಲ. ಗೊತ್ತಿತ್ತು, ಗೊತ್ತಿದ್ದೇ ಒಪ್ಪಿಕೊಂಡಳು ಅಂತ ಡೇವಿಸ್ ವಾದ. ಆ ಊರಿನ ಮದುವೆ ಪತ್ರ, ಉಯಿಲು, ಹೆಣ್ಣಿನ ಹಕ್ಕಿನ ಪದ್ಧತಿ ಎಲ್ಲ ಕಲೆಹಾಕಿ ಅವಳು ಏನು ಯೋಚಿಸಿರಬಹುದು ಅಂತ ಕಟ್ಟುತ್ತಾರೆ. ಇದರಲ್ಲಿ ನನ್ನ ಕಲ್ಪನೆಯೂ ಇದೆ ಅಂತ ಮೊದಲಲ್ಲೇ ಹೇಳುತ್ತಾರೆ. ರಾಬರ್ಟ್ ಫಿನ್ಲೇ ಎಂಬ ಇತಿಹಾಸಕಾರ 1988ರಲ್ಲಿ ಇದಕ್ಕೆ ಆಧಾರ ಸಾಲದು ಅಂತ ಕಟುವಾಗಿ ಬರೆದರು. ಡೇವಿಸ್ ಅಷ್ಟೇ ವಿವರವಾಗಿ ಉತ್ತರ ಕೊಟ್ಟರು. ಊಹೆ ಎಲ್ಲಿ ಶುರುವಾಗುತ್ತದೆ ಅಂತ ಗುರುತು ಮಾಡಿದ್ದರಿಂದಲೇ ಅಂಥ ಜಗಳ ಸಾಧ್ಯವಾಯಿತು. ಕಪೋಟಿಯ ಸ್ಮಶಾನದ ದೃಶ್ಯಕ್ಕೆ ಆ ಗುರುತೇ ಇರಲಿಲ್ಲ.

ಹಾಳೆಮಡಿಕೆ

ಮೊದಲು ಯಾವುದು ಅಂದರೆ, ಕಾದಂಬರಿ ಓದಿ ರೂಢಿ ಇದ್ದವರಿಗೆ ಗ್ರ್ಯಾನ್ ಸರಿಹೋಗುತ್ತದೆ, ಓದಿಸಿಕೊಂಡು ಹೋಗುತ್ತದೆ. ಒಂದು ಅಧ್ಯಾಯ ಮುಗಿದ ಕೂಡಲೇ ಹಿಂದಿನ ಟಿಪ್ಪಣಿ ಪುಟ ತೆರೆದು, ಯಾವ ಸಾಲು ಯಾವ ಕಾಗದದಿಂದ ಬಂತು ಅಂತ ಒಂದಷ್ಟಾದರೂ ನೋಡಿ. ಆಮೇಲೆ 'ದಿ ಫೈವ್'. ಹಾಂ, ಅದರ ಮೇಲೂ ತಕರಾರಿದೆ. ಐವರಲ್ಲಿ ಮೂವರು ಮೈ ಮಾರಿಕೊಳ್ಳುತ್ತಿದ್ದರು ಅನ್ನಲು ಆಧಾರವೇ ಇಲ್ಲ ಅಂತ ರೂಬೆನ್‌ಹೋಲ್ಡ್ ಹೇಳುತ್ತಾರೆ. ಆ ಪ್ರಕರಣವನ್ನು ಬಹಳ ಕಾಲದಿಂದ ಕೆದಕುತ್ತಾ ಬಂದ ಕೆಲವರು, ವಿಚಾರಣೆಯ ಹೇಳಿಕೆಗಳಲ್ಲಿ ಬೇಕಾದ್ದನ್ನಷ್ಟೇ ಆರಿಸಿಕೊಂಡಿದ್ದಾರೆ ಅನ್ನುತ್ತಾರೆ. ನೀವೂ ಓದಿ, ನಿಮಗೆ ಏನನ್ನಿಸಿತು ಅಂತ ಇಲ್ಲೇ ಬರೆಯಿರಿ. ನನಗೆ ಆ ಹೆಂಗಸರ ಬದುಕಿನ ಪುಟಗಳು ಮುಖ್ಯ, ಆದರೆ ಆ ವಾದ ಎಷ್ಟು ಗಟ್ಟಿ ಅಂತ ಬೇರೆಯವರ ಕಣ್ಣಿನಿಂದಲೂ ನೋಡುವ ಆಸೆ ಇದೆ.

ಹೊಸಓದುಗ

ಆಯಿತು, ಗ್ರ್ಯಾನ್‌ನಿಂದಲೇ ಶುರು ಮಾಡುತ್ತೇನೆ. ಟಿಪ್ಪಣಿ ಪುಟಕ್ಕೆ ಬೇರೆ ಒಂದು ಗುರುತುಚೀಟಿ ಇಟ್ಟುಕೊಳ್ಳುತ್ತೇನೆ.